ಹಳದೀಪುರದ ತಿರುವಿನ ಹಾರ್ನು

ನನ್ನ ಕಾರು ಎಷ್ಟು ಹಳೆಯದೆಂದರೆ, ಮಾರಿದವನೇ ಕೀಲಿ ಕೊಡುವಾಗ "ಬೇಜಾರ ಮಾಡ್ಕಬೇಡಿ" ಎಂದಿದ್ದ. ನನ್ನ ಹೆಂಡತಿ ಶಿರಾಲಿಯ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡುತ್ತಾಳೆ. ಅದನ್ನು ಭಟ್ಕಳದಿಂದ ಕುಮಟೆಯವರೆಗಿನ ಅಂಗಡಿಗಳಿಗೆ ಹಾಕಿ ಬರುವುದು ನನ್ನ ಕೆಲಸ. ಬಸ್ಸಿನ ನೂಕುನುಗ್ಗಲಿನಲ್ಲಿ ಹಪ್ಪಳವೆಲ್ಲ ಪುಡಿಯಾಗಿ ಅಂಗಡಿಯವರ ಬೈಗುಳ ತಿಂದು ಸಾಕಾಗಿ ಈ ಕಾರು ತಂದೆ. ತಂದ ಮೇಲೆ ಗೊತ್ತಾಯಿತು, ಇದರಲ್ಲಿ ಹಾರ್ನು ಬಿಟ್ಟು ಬಾಕಿ ಎಲ್ಲವೂ ಶಬ್ದ ಮಾಡುತ್ತದೆ ಎಂದು.

ಇಂಥ ಕಾರಿಗೆ ಹೊಸ ಸಾಮಾನು ಕೊಳ್ಳುವವನು ಹುಚ್ಚ. ಭಟ್ಕಳದಲ್ಲಿ ಹಳೆ ಕಾರು ಒಡೆದು ಬಿಡಿಬಿಡಿಯಾಗಿ ಮಾರುವ ಗುಜರಿಯೊಂದಿದೆ. ಅದರ ಯಜಮಾನರು ಫೋನಿನಲ್ಲಿ ತಮ್ಮ ಮನೆಮಾತು ನವಾಯತಿ, ನನ್ನೊಡನೆ ಕನ್ನಡ, ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ವಯಸ್ಸಾದ ಮನುಷ್ಯ. ಸ್ಪಾನರ್ ಕೈಗೆ ಕೊಟ್ಟು "ಬೇಕಾದ್ದು ನೀವೇ ಬಿಚ್ಕೊಳ್ಳಿ" ಎನ್ನುತ್ತಾರೆ. ಅವರದೊಂದು ಪದ್ಧತಿಯಿದೆ. ಒಡೆಯಲು ಬಂದ ಕಾರಿನಿಂದ ಮೊದಲು ತೆಗೆಯುವುದು ಎಂಜಿನ್ನನ್ನಲ್ಲ, ಸ್ಟೇರಿಂಗಿನ ಮುಂದೆ ಅಂಟಿಸಿರುವ ದೇವರನ್ನು. ಪ್ಲಾಸ್ಟಿಕ್ಕಿನ ಗಣಪತಿ, ಸಣ್ಣ ಶಿಲುಬೆ, ಮೆಕ್ಕಾದ ಚಿತ್ರದ ಬಿಲ್ಲೆ, ಎಲ್ಲವೂ ತಗಡಿನ ಗೋಡೆಯ ಮೇಲಿನ ಹಲಗೆಯಲ್ಲಿ ಸಾಲಾಗಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದವು.

"ಇದೆಲ್ಲ ಎಂತಕ್ಕೆ ಇಟ್ಕಂಡಿದ್ರಿ?" ಎಂದು ಕೇಳಿದೆ.

"ಕಾರಿನವ್ರು ಯಾರಾದ್ರೂ ಬಂದು ಕೇಳಿದ್ರೆ? ಕೊಡ್ಬೇಕಲ್ಲ" ಎಂದರು.

ಇದುವರೆಗೆ ಯಾರೂ ಬಂದಿಲ್ಲವಂತೆ. ಬರಬಹುದಾದವರಲ್ಲಿ ಎಷ್ಟೋ ಜನ ಕಾರಿನೊಂದಿಗೇ ಹೋದವರು. ಅಷ್ಟೊಂದು ದೇವರುಗಳಿಗೆ ಬೆನ್ನು ಹಾಕಿ ಬೋಲ್ಟು ಬಿಚ್ಚುವಾಗ ನಟ್ಟನಡು ಹಗಲಿನಲ್ಲೂ ನನಗೆ ಕುತ್ತಿಗೆಯ ಹಿಂದೆ ಚಳಿಯಾಯಿತು.

ನನ್ನ ಕಾರಿನದೇ ಜಾತಿಯ ಕಾರೊಂದು ಮೂಲೆಯಲ್ಲಿತ್ತು. ಎಲ್ಲೂ ಗುದ್ದಿದ ಗುರುತಿರಲಿಲ್ಲ. ಬಹಳ ಕಾಲ ಒಂದೇ ಕಡೆ ನಿಂತದ್ದಿರಬೇಕು, ಒರೆಸುವ ಬಟ್ಟೆ ತಲುಪದ ಗಾಜಿನ ಬುಡದ ಸಂದಿಯಲ್ಲಿ ತೆಂಗಿನ ಹೂವಿನ ಪುಡಿ ಗಟ್ಟಿಯಾಗಿ ಕೂತಿತ್ತು. ಬಾನೆಟ್ ಎತ್ತಿದರೆ ಒಂದಲ್ಲ, ಎರಡು ಹಾರ್ನು. ಒಂದು ಆ ಕಾರಿನದು, ಇನ್ನೊಂದು ಯಾವುದೋ ದೊಡ್ಡ ಗಾಡಿಯದು. ಯಾರೋ ಕೂತು ತಾಮ್ರದ ತಂತಿ ಸುತ್ತಿ ಎರಡನ್ನೂ ಜೋಡಿಸಿದ್ದರು. ಆಸೆಯಾಯಿತು, ಬಿಚ್ಚಿಕೊಂಡು ಬಂದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಹೆಂಡತಿ ನಕ್ಕಳು.

ಅದರ ಸ್ವರ ವಿಚಿತ್ರವಾಗಿತ್ತು. ದಪ್ಪ ದನಿ ಮೊದಲು, ತೆಳು ದನಿ ಒಂದು ಚೂರು ತಡವಾಗಿ. ಮುದುಕ ಕೆಮ್ಮಿದ, ಹಿಂದೆಯೇ ಮಗು ಕೂಗಿತು ಎಂಬ ಹಾಗೆ. ಇನ್ನೂ ಒಂದು ಸಂಗತಿಯಿತ್ತು. ಸ್ಟೇರಿಂಗ್ ತಿರುಗಿಸುತ್ತ ಒತ್ತಿದರೆ, ನಾನು ಒತ್ತಿದ್ದು ಒಂದೇ ಸಲವಾದರೂ ಅದು ಎರಡು ಸಲ ಗಿಡ್ಡವಾಗಿ, ಮೂರನೆಯ ಸಲ ಉದ್ದವಾಗಿ ಕೂಗುತ್ತಿತ್ತು. ಸ್ಟೇರಿಂಗಿನ ಒಳಗೆ ಕರೆಂಟು ಹಾಯುವ ಬಳೆ ಸವೆದಿದೆ, ತಿರುಗಿಸಿದಾಗ ಬಿಟ್ಟು ಹಿಡಿಯುತ್ತದೆ ಎಂದುಕೊಂಡು ಬಿಚ್ಚಿ ಉಜ್ಜಿದೆ. ಏನೂ ಬದಲಾಗಲಿಲ್ಲ. ಕೂಗಿದರೆ ಸಾಕು ಎಂದು ಬಿಟ್ಟುಬಿಟ್ಟೆ.

ಹಳದೀಪುರದಲ್ಲಿ ಹೆದ್ದಾರಿಯಿಂದ ಒಳಗೆ ಹೋದರೆ ನಮ್ಮ ಹಪ್ಪಳ ಕೊಳ್ಳುವ ಅಂಗಡಿಯೊಂದಿದೆ. ದಾರಿಯಲ್ಲಿ ಒಂದು ಕೆಟ್ಟ ತಿರುವು. ಚಿರೆಕಲ್ಲಿನ ಎತ್ತರದ ಗೋಡೆ ಅಡ್ಡ ಬಂದು ಎದುರಿನಿಂದ ಬರುವುದು ಕಾಣುವುದಿಲ್ಲ, ಹಾರ್ನ್ ಹಾಕಲೇಬೇಕು. ಹೊಸ ಹಾರ್ನು ಕೂರಿಸಿದ ಮೇಲೆ ಮೊದಲ ಸಲ ಅಲ್ಲಿ ಹೋದಾಗ ಊಟದ ಹೊತ್ತು. ಸುಡುಬಿಸಿಲಿಗೆ ನಾಯಿಯೂ ಹೊರಗಿರಲಿಲ್ಲ. ತಿರುವಿನಲ್ಲಿ ಒತ್ತಿದೆ. ಗಿಡ್ಡ, ಗಿಡ್ಡ, ಉದ್ದ. ಗೋಡೆಯಲ್ಲಿದ್ದ ಗೇಟು ತೆರೆಯಿತು.

ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅವಳ ಮುಖದಲ್ಲಿದ್ದ ಸಂತೋಷ ನನ್ನ ಕಡೆಗಲ್ಲ ಎಂದು ತಕ್ಷಣ ತಿಳಿಯಿತು. ಅವಳ ಕಣ್ಣು ನನ್ನ ಮೇಲೆ ನಿಲ್ಲದೆ ಹಿಂದಿನ ಸೀಟಿಗೆ ಹೋಯಿತು. ನಾನೂ ತಿರುಗಿ ನೋಡಿದೆ. ಹಪ್ಪಳದ ಕಟ್ಟುಗಳಿದ್ದವು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಗೇಟು ಮುಚ್ಚಿತ್ತು.

ಮುಂದಿನ ವಾರ ಹೋದಾಗ ಗೇಟು ಮೊದಲೇ ತೆರೆದಿತ್ತು. ಮೆಟ್ಟಿಲ ಹತ್ತಿರ ಕಾಲು ತೊಳೆಯಲು ಚೆಂಬಿನಲ್ಲಿ ನೀರು, ಪಕ್ಕದಲ್ಲಿ ಮಡಚಿದ ಪಂಚೆ. ಬಾಗಿಲ ನೆರಳಿನಲ್ಲಿ ಅವಳು ನಿಂತಿದ್ದಳು. ನಾನು ದಾಟಿ ಹೋದ ಮೇಲೂ ಕನ್ನಡಿಯಲ್ಲಿ ನೋಡಿದರೆ ಅವಳು ರಸ್ತೆಯನ್ನಲ್ಲ, ಆ ಚೆಂಬನ್ನೇ ನೋಡುತ್ತಿದ್ದಳು. ನನಗೆ ಹೆದರಿಕೆಯಾಯಿತು. ಹುಚ್ಚರನ್ನು ಕಂಡರೆ ಆಗುವ ಹೆದರಿಕೆಯಲ್ಲ, ನಾನೇ ಏನನ್ನೋ ಹೊತ್ತು ತಂದು ಅಲ್ಲಿ ಇಳಿಸಿ ಹೋಗುತ್ತಿದ್ದೇನೆ ಎಂಬ ಹೆದರಿಕೆ.

ಅದರ ಮುಂದಿನ ಸಲ ಅಂಗಡಿಯ ಕಟ್ಟೆಯ ಮೇಲೆ ಒಬ್ಬರು ನನಗಾಗಿ ಕಾಯುತ್ತಿದ್ದರು. ಆ ಹೆಂಗಸಿನ ಭಾವ, ಅಂದರೆ ಗಂಡನ ಅಣ್ಣ.

"ಆ ಹಾರ್ನು ಎಲ್ಲಿಂದ ತಂದ್ರಿ?" ಎಂದರು. ಹೇಳಿದೆ. ಅವರು ತಲೆಗೆ ಕೈ ಹಚ್ಚಿಕೊಂಡು ಕೂತರು.

ಅವರ ತಮ್ಮ, ಅಂದರೆ ಆಕೆಯ ಗಂಡ, ವೈರಿಂಗ್ ಕೆಲಸದವನಂತೆ. ಹನ್ನೆರಡು ವರ್ಷದ ಹಿಂದೆ ರಜೆಯ ದಿನ ಗಾಳ ಹಾಕಲು ಅಳಿವೆಯ ಕಡೆಗೆ ಹೋದ. ಹೊಳೆ ಸಮುದ್ರಕ್ಕೆ ಸೇರುವ ಆ ಜಾಗದಲ್ಲಿ ನೀರಿನ ಸೆಳೆತ ಜೋರು. ದಂಡೆಯ ಮೇಲೆ ಕಾರು ಸಿಕ್ಕಿತು, ಕಲ್ಲಿನ ಮೇಲೆ ಚಪ್ಪಲಿ ಸಿಕ್ಕಿತು, ಅವನು ಸಿಗಲಿಲ್ಲ. ಹೆಣ ಸಿಗದವನಿಗೆ ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಟ್ಟು ಕರ್ಮ ಮುಗಿಸುವುದು ಅವರ ಮನೆಯ ಪದ್ಧತಿ. ಅಲ್ಲಿಯವರೆಗೆ ಅವನು ಸತ್ತವನೂ ಅಲ್ಲ, ಇವಳು ವಿಧವೆಯೂ ಅಲ್ಲ. ದಿನವೂ ಕುಂಕುಮ ಇಟ್ಟುಕೊಂಡು, ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸಿದ ಕಾರು ಒರೆಸಿಕೊಂಡು ಕಾದಳು.

"ಕಾರು ಕಣ್ಣೆದುರು ಇರೂತನ್ಕ ಒಪ್ಪೂದಿಲ್ಲ ಅಂತ, ಅವ್ಳು ತವರಿಗೆ ಹೋದಾಗ ನಾನೇ ಗುಜರಿಗೆ ಹಾಕ್ದೆ. ಯಾರೋ ಓಡಿಸೂಕೆ ತಕಂಡ್ರು ಅಂತ ಸುಳ್ಳು ಹೇಳ್ದೆ. ಅತ್ತಳು, ಕಡೆಗೆ ಒಪ್ಪಿದ್ಳು. ಬರೂ ಅಮಾಸೆಗೆ ಕರ್ಮ. ಅಷ್ಟರಲ್ಲಿ ನೀವು ಬಂದ್ರಿ" ಎಂದರು. ಮತ್ತೆ, "ಈಗ ಕೇಳಿದ್ರೆ, ಮನೆಗೆ ಬಂದವ್ರಿಗೆ ಎಂತಕ್ಕೆ ಕರ್ಮ ಮಾಡೂದು ಅಂತಾಳೆ. ನನ್ನ ತಮ್ಮ ಹಾರ್ನ್ ಹಾಕ್ತಿದ್ದದ್ದೂ ಹಂಗೇ. ಎರಡು ಗಿಡ್ಡ, ಒಂದು ಉದ್ದ" ಎಂದರು.

ಹಾರ್ನು ಅವನದು, ಸರಿ. ಆದರೆ ಸ್ಟೇರಿಂಗು, ಅದರೊಳಗಿನ ಬಳೆ, ಒತ್ತುವ ಕೈ, ಮೂರೂ ನನ್ನವು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ಹೆಂಗಸಿಗೆ ಸುಳ್ಳು ಹೇಳಿ ಕಾರು ಮಾರಿದವ್ರು ನೀವು, ಈಗ ನನ್ನ ಹಾರ್ನಿನ ತಪ್ಪಾ?" ಎಂದು ರೇಗಿದೆ. ರೇಗುತ್ತಲೇ ಬಾನೆಟ್ ಎತ್ತಿ, ಅಂಗಡಿಯ ಎದುರೇ ಹಾರ್ನು ಬಿಚ್ಚಿ ಹಪ್ಪಳದ ಖಾಲಿ ಡಬ್ಬದಲ್ಲಿ ಹಾಕಿದೆ.

ಹಿಂದಿರುಗುವಾಗ ತಿರುವಿನಲ್ಲಿ ಸದ್ದಿಲ್ಲದೆ ಬಂದೆ. ಅವಳು ರಸ್ತೆಯ ನಡುವೆಯೇ ನಿಂತಿದ್ದಳು. ಬ್ರೇಕ್ ಕಚ್ಚಿದ್ದು ನನ್ನ ಪುಣ್ಯ.

"ಎಂತ ಆತು? ಸ್ವರ ಎಲ್ಲಿ ಅಣ್ಣ?" ಎಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಡಬ್ಬ ತೆರೆದು ತೋರಿಸಿದೆ. ಅವಳು ತಾಮ್ರದ ತಂತಿಯ ತುದಿಯನ್ನು ಬೆರಳಿನಿಂದ ಹುಡುಕಿದಳು. "ಅವ್ರೇ ಸುತ್ತಿದ್ದು. ತುದಿ ಒಳಗೆ ಮಡಚ್ತಿದ್ರು, ಯಾರ ಕೈಗೂ ಚುಚ್ಚಬಾರ್ದು ಅಂತ. ಬಾಕಿ ಕಾರು?"

"ಒಡೆದ್ರು ತಂಗಿ."

ಅವಳು ಅಳಲಿಲ್ಲ. "ಒಳಗೆ ಕೂತವ್ರು ನೀವು ಅಂತ ನಂಗೆ ಗೊತ್ತಿತ್ತು. ಆದ್ರೆ ಸ್ವರ ಕೇಳಿದ್ರೆ ಕಾಲು ನಿಲ್ಲೂದಿಲ್ಲ" ಎಂದಳು. ಹಾರ್ನು ನೀನೇ ಇಟ್ಟುಕೋ ಎಂದು ಡಬ್ಬ ಮುಂದೆ ಹಿಡಿದೆ. ಬೇಡವೆಂದು ತಲೆಯಾಡಿಸಿದಳು. "ತಿರುಗಿ ಹಾಕಿ. ಅಮಾಸೆ ದಿನ ಹೊಳೆ ಬದಿ ಕೆಲ್ಸ ಮುಗಿಸಿ, ಮಿಂದು ಮನೆಗೆ ಬಂದಿರ್ತೇವೆ. ಅವ್ರು ಊಟಕ್ಕೆ ಬರೂ ಹೊತ್ತಿಗೆ ಬಂದು ಒಂದೇ ಸಲ ಹಾರ್ನ್ ಮಾಡಿ. ನಾ ಹೊರಗೆ ಬರೂದಿಲ್ಲ. ಬರದೇ ಕೂತ್ಕಂಡೆ ಅಂದ್ರೆ ಅವ್ರು ಹೋದ್ರು ಅಂತ ಲೆಕ್ಕ. ದರ್ಭೆ ಸುಟ್ಟದ್ದಕ್ಕೆಲ್ಲ ನನ್ನ ಮನ್ಸು ಕೇಳೂದಿಲ್ಲ."

ಹೆಂಡತಿ ಬೇಡವೆಂದಳು. ನನಗೂ ಬೇಡವೆನಿಸಿತ್ತು, ಆದರೆ ಮಾತು ಕೊಟ್ಟಾಗಿತ್ತು. ಅಮಾವಾಸ್ಯೆಯ ದಿನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೊರಟೆ. ಗೇಟು ಮುಚ್ಚಿತ್ತು. ಗೋಡೆಯ ಪಕ್ಕ ಕಾರು ನಿಲ್ಲಿಸಿ, ಸ್ಟೇರಿಂಗ್ ನೆಟ್ಟಗಿದೆಯೇ ಎಂದು ನೋಡಿಕೊಂಡು, ಒಂದೇ ಸಲ ಒತ್ತಿದೆ.

ಗಿಡ್ಡ, ಗಿಡ್ಡ, ಉದ್ದ.

ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು, ಅದು ನಿಂತಿತು. ಯಾರೂ ಬರಲಿಲ್ಲ. ಕೆಲಸ ಮುಗಿದಿತ್ತು, ನಾನು ಹೊರಡಬೇಕಿತ್ತು. ಹೊರಡಲಾಗಲಿಲ್ಲ. ಬಿಸಿಲಿನಲ್ಲಿ ಅಷ್ಟು ದೂರದಿಂದ ಬಂದಿದ್ದೇನೆ, ಹಸಿವೆಯಾಗುತ್ತಿದೆ, ಒಳಗೇ ಇದ್ದಾಳೆ, ಬಾಗಿಲು ಯಾಕೆ ತೆಗೆಯುತ್ತಿಲ್ಲ ಎಂದು ಸಂಕಟವಾಯಿತು. ಉಂಡು ಬಂದವನಿಗೆ ಹಸಿವೆ ಎಲ್ಲಿಯದು ಎಂದು ಯೋಚಿಸುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ. ಒಮ್ಮೆ, ಒಂದೇ ಒಮ್ಮೆ ಅವಳು ಹೊರಗೆ ಬಂದರೆ ಸಾಕಿತ್ತು. ನನ್ನ ಕೈ ಮತ್ತೆ ಹಾರ್ನಿನ ಮೇಲೆ ಹೋಗಿತ್ತು.

ಗೇಟಿನ ಆಚೆ, ತೀರ ಹತ್ತಿರದಲ್ಲಿ, ಯಾರೋ ಬಿಕ್ಕಿದ್ದು ಕೇಳಿಸಿತು. ಬರುವುದಿಲ್ಲ ಎಂದವಳು ಗೇಟಿನವರೆಗೆ ಬಂದು ನಿಂತಿದ್ದಳು. ಅಗುಳಿ ಅಲುಗಿತು, ಆದರೆ ತೆರೆಯಲಿಲ್ಲ.

"ಆತು" ಎಂದಳು. "ಇನ್ನು ಹೋಗಿ."

ಮನೆಯಿಂದ ಹೊರಟವರಿಗೆ ನಮ್ಮ ಕಡೆ ಯಾರೂ ಬರಿದೆ ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ಅವಳು ಹೇಳಿದ್ದು ಅಷ್ಟೇ. ನಾನು ಕೈ ತೆಗೆದು ಗೇರ್ ಹಾಕಿದೆ.