ಕೊರಗಪ್ಪನ ಮೊದಲ ಪಂಕ್ತಿ

ಪರೇಲಿನ ಗಿರಣಿ ಕೆಲಸಗಾರರು ಶೆಟ್ಟರ ಹೋಟೆಲಿಗೆ ಮುಗಿಬೀಳುತ್ತಿದ್ದುದು ಸಾಂಬಾರಿಗಾಗಿ. ಸಾಂಬಾರು ಕೊರಗಪ್ಪನದು, ಹೆಸರು ಶೆಟ್ಟರದು. ಕಾಪುವಿನಿಂದ ಬಂದ ಈ ಅಡುಗೆಯವನು ಮಾತ್ರ ಎಲ್ಲರದೂ ಮುಗಿದ ಮೇಲೆ ಒಲೆಯ ಹಿಂದೆ ನಿಂತುಕೊಂಡೇ ತಳ ಕೆರೆದು ಉಣ್ಣುತ್ತಿದ್ದ.

೧೯೫೬ರ ಚಳಿಗಾಲದಲ್ಲಿ ಶೆಟ್ಟರು ಹೋಟೆಲಿಗೆ ಒಂದು ದಿನ ರಜೆ ಸಾರಿದರು. ಬೊರಿವಲಿಯ ನ್ಯಾಷನಲ್ ಪಾರ್ಕಿಗೆ ಪಿಕ್ನಿಕ್! ಅಲ್ಲಿನ ಕೆರೆಯ ನಡುವೆ ಪುಟ್ಟದೊಂದು ನಡುಗಡ್ಡೆ, ಊರಿನವರ ಮಾತಿನಲ್ಲಿ ಕುದ್ರು; ದೋಣಿಯಲ್ಲಿ ದಾಟಿ ಅಲ್ಲೇ ಊಟ. ರಜೆ ಎಲ್ಲರಿಗೂ, ಅಡುಗೆ ಕೊರಗಪ್ಪನಿಗೆ. ಇಂಥ ರಜೆಯನ್ನು ಧಣಿಗಳೇ ಕಂಡುಹಿಡಿಯಬೇಕು.

"ಅಡುಗೆ ಮಾಡ್ತೇನೆ ಧಣಿಗಳೇ. ಆದ್ರೆ ಮೊದಲ ಪಂಕ್ತಿಗೆ ನಾನೂ ಕೂತ್ಕೊಳ್ಳುವವ. ಬಡಿಸ್ಲಿಕ್ಕೆ ಬೇರೆ ಯಾರಾದ್ರೂ ಆಗ್ಲಿ."

"ಅಷ್ಟೇ ಅಲ್ವಾ ಮಾರಾಯ! ಕೂತ್ಕೋ."

ಕೆರೆಯ ದಂಡೆಯಲ್ಲಿ ಒಲೆ ಹೂಡಿ ಬೇಯಿಸಿದ್ದಾಯಿತು. ದೋಣಿ ಜನರನ್ನೆಲ್ಲ ದಾಟಿಸಿ, ಕೊನೆಗೆ ಪಾತ್ರೆಗಳನ್ನೂ ಕೊರಗಪ್ಪನನ್ನೂ ಹೊತ್ತು ಕುದ್ರು ಮುಟ್ಟಿತು. ನೋಡಿದರೆ ಎಲೆಗಳ ಮುಂದೆಲ್ಲ ಜನ ಭರ್ತಿ: ಶೆಟ್ಟರು, ಅವರ ಮೈದುನ, ಮೈದುನನ ಷಡ್ಡಕ, ಯಾವನೋ ಟೊಪ್ಪಿಯ ಸಾಹೇಬ.

"ಮೊದಲು ಇವರಿಗೆ ಬಡಿಸಿಬಿಡು ಕೊರಗಪ್ಪ," ಎಂದರು ಶೆಟ್ಟರು. "ನಿನ್ನದು ಆಮೇಲೆ ಇದ್ದೇ ಉಂಟಲ್ಲ!"

ಕೊರಗಪ್ಪ ದೋಣಿಯಿಂದ ಇಳಿಯಲೇ ಇಲ್ಲ.

"ಭಾವೂ, ಪೀಛೆ ಲೇವ್," ಎಂದ ಮರಾಠಿ ಅಂಬಿಗನಿಗೆ. ದೋಣಿ ಹಿಂದೆ ಸರಿಯಿತು. ಅದರ ಜೊತೆಗೇ ಅನ್ನ, ಸಾಂಬಾರು, ಪಾಯಸ ಎಲ್ಲ ಸರಿದವು. ಕೊರಗಪ್ಪ ನೀರಿನ ನಡುವೆ ದೋಣಿಯಲ್ಲೇ ಎರಡು ಎಲೆ ಹಾಸಿದ; ಒಂದು ತನಗೆ, ಒಂದು ಅಂಬಿಗನಿಗೆ.

"ಏ ಕೊರಗಾ! ನಾಳೆಯಿಂದ ಕೆಲಸಕ್ಕೆ ಬರಬೇಡ!" ಶೆಟ್ಟರು ಕುದ್ರುವಿನ ದಡದಿಂದ ಅರಚಿದರು.

"ಆಗ್ಬಹುದು ಧಣಿಗಳೇ. ಈಗ ಊಟ ಮುಗಿಸಿ ಬರ್ತೇನೆ."

ಅಷ್ಟರಲ್ಲಿ, ಹೋಟೆಲಿನಲ್ಲಿ ಬಡಿಸುವ ಅಣ್ಣು ಮೆಲ್ಲಗೆ ಕೇಳಿದ: "ನಾಳೆ ಸಾಂಬಾರು ನೀವೇ ಮಾಡ್ತೀರಾ ಧಣಿಗಳೇ? ಗಿರಣಿಯವರು ಬೆಳಿಗ್ಗೆಯೇ ಬರ್ತಾರೆ."

ಷಡ್ಡಕ ಕಿಸಕ್ಕೆಂದ. ಶೆಟ್ಟರು ಬರಿ ಎಲೆಗೆ ಇನ್ನೊಮ್ಮೆ ನೀರು ಚಿಮುಕಿಸುತ್ತ ಕೂತರು.

ಅತ್ತ ದೋಣಿಯಲ್ಲಿ ಕೊರಗಪ್ಪನ ಕೈ ಅಭ್ಯಾಸಬಲದಿಂದ ಸೌಟಿಗೇ ಹೋಯಿತು. ಅಂಬಿಗ ಅದನ್ನು ಕಸಿದುಕೊಂಡ.

"ತುಮ್ ಬೈಠೋ."

ಅನ್ನ ಹಾಕಿದ, ಸಾಂಬಾರು ಸುರಿದ, ಪಾಯಸವನ್ನೂ ಹೊಯ್ದ. ಸೌಟನ್ನು ಮತ್ತೆ ಪಾಯಸಕ್ಕೆ ಅದ್ದಿ, ಇನ್ನೂ ಸ್ವಲ್ಪ ಹಾಕಲೇ ಎಂಬಂತೆ ಹುಬ್ಬು ಹಾರಿಸಿದ. ಕೊರಗಪ್ಪ ಮದುವೆಮನೆಯ ದೊಡ್ಡ ನೆಂಟನ ಹಾಗೆ ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಸಾಕು ಮಾರಾಯ್ರೇ, ಸಾಕು!" ಎಂದ, ಪಾಯಸ ಇಳಿಯುವಷ್ಟು ಜಾಗವನ್ನು ಬೆರಳುಗಳ ನಡುವೆ ಬಿಟ್ಟುಕೊಂಡೇ.