ಕೂಲರ್ ನಿಲ್ಲಿಸಿದ ಬೇಸಿಗೆ

ಮೇ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಶಹಾಪುರದ ನಮ್ಮ ಬಾಡಿಗೆ ಮನೆಯ ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದೆ. ಎಡಕ್ಕಿದ್ದ ಕಿಟಕಿ ಪೂರ್ತಿ ತೆರೆದಿತ್ತು. ಎದುರಿಗೆ ನನ್ನ ಹೆಂಡತಿ ಸಾವಿತ್ರಿ ನೆಲದ ಮೇಲೆ ಮಲಗಿದ್ದಳು. ಕಣ್ಣು ತೆರೆದೇ ಇದ್ದವು. ನನ್ನನ್ನು ನೋಡಿ, "ಅಣ್ಣ, ಎಮ್ಮೆ ನಾಲೆಗಿಳ್ದದೆ, ಹೊಡ್ಕೊ ಬಾ," ಎಂದಳು.

ನಮಗೆ ಎಮ್ಮೆ ಇಲ್ಲ. ಅವಳ ಅಣ್ಣ ಇರುವುದು ಮದ್ದೂರಿನಲ್ಲಿ. ಕೈ ಮುಟ್ಟಿ ನೋಡಿದೆ. ಕಾದ ಹಂಚಿನ ಹಾಗಿತ್ತು. ಬೆವರೇ ಇರಲಿಲ್ಲ.

ಸಾವಿತ್ರಿಗೆ ಇಲ್ಲಿನ ಹಳ್ಳಿಯೊಂದರಲ್ಲಿ ಶಾಲೆಯ ಕೆಲಸ ಸಿಕ್ಕಿದ್ದರಿಂದ ನಾವು ಮದ್ದೂರು ಬಿಟ್ಟು ಬಂದಿದ್ದೆವು. ನಾನು ಲಗ್ನಪತ್ರಿಕೆ ಅಚ್ಚು ಮಾಡುವ ಅಂಗಡಿ ಸೇರಿದ್ದೆ. ಆ ವರ್ಷ ಅವಳ ಸಂಬಳ ತಡವಾಗುತ್ತ ಹೋಯಿತು. ನನ್ನ ಸಂಬಳ ಬಾಡಿಗೆಗೇ ಸರಿಯಾಗುತ್ತಿತ್ತು. ಒಂದೊಂದೇ ಖರ್ಚು ಕಡಿಮೆ ಮಾಡಿದೆವು. ಹಾಲು ಅರ್ಧವಾಯಿತು. ಅಕ್ಕಿ ಬಿಟ್ಟು ಜೋಳ ತಂದೆವು. ರಾಗಿಮುದ್ದೆ ಕಟ್ಟಿದ ಕೈಗೆ ರೊಟ್ಟಿ ಬಡಿಯಲು ಬರದೆ ಅವಳು ಅತ್ತಳು, ಆಮೇಲೆ ಕಲಿತಳು. ಮೊದಲ ದುಂಡನೆಯ ರೊಟ್ಟಿಯನ್ನು ಪಕ್ಕದ ಮನೆಯ ಖಾಜಾಬಿಗೆ ತೋರಿಸಿ ಬಂದಳು.

ಉಳಿದದ್ದು ಕರೆಂಟಿನ ಬಿಲ್ಲು. ಕೂಲರ್ ನಿಲ್ಲಿಸೋಣ ಎಂದದ್ದು ಸಾವಿತ್ರಿಯೇ. "ನಮ್ಮೂರ್ನಾಗೆ ಕೂಲರ್ ಯಾರ್ ಕಂಡಿದ್ರು? ಕಿಟಕಿ ತೆಗುದ್ರೆ ಆಯ್ತು ಬುಡಿ." ನನಗೂ ಅದು ಸರಿ ಎನಿಸಿತು. ನಮ್ಮ ಕಡೆ ಸೆಕೆಯಾದರೆ ಕಿಟಕಿ ತೆರೆಯುತ್ತಾರೆ. ಕಬ್ಬಿನ ಗದ್ದೆಯ ಮೇಲಿನಿಂದ ಬರುವ ಗಾಳಿ ನೀರಿನ ತಂಪನ್ನು ಹೊತ್ತು ತರುತ್ತದೆ. ಗಾಳಿಗೆ ನಾವು ಹೆದರಿದವರಲ್ಲ.

ಖಾಜಾಬಿ ಎರಡು ಸಲ ಹೇಳಿದ್ದರು. ಅರವತ್ತು ದಾಟಿದ ಹೆಂಗಸು, ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ಅವರ ಮನೆಯ ಕಿಟಕಿಗಳು ಬೆಳಗಿನ ಹತ್ತಕ್ಕೆಲ್ಲ ಮುಚ್ಚಿ, ಹೊತ್ತು ಮುಳುಗಿದ ಮೇಲೆ ತೆರೆಯುತ್ತಿದ್ದವು. ಬಾಗಿಲಿಗೆ ಒದ್ದೆ ಗೋಣಿತಟ್ಟು.

"ಅಕ್ಕೋರ, ಕಿಡಕಿ ಮುಚ್ಚರಿ," ಎಂದಿದ್ದರು. ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. "ಬಿಸಿಗಾಳಿನ ಕೈ ಮಾಡಿ ಒಳಗ ಕರಿಯಾಕತ್ತೀರಿ."

"ಮುಚ್ಚುದ್ರೆ ಉಸ್ರು ಕಟ್ತದೆ ಖಾಜಮ್ಮ."

"ನಿಮ್ಮೂರಾಗ ಸೂರ್ಯ ಬಾಡಗಿಗಿ ಇರತಾನೇನ್ರಿ? ಇಲ್ಲಿ ಅವಂದು ಸ್ವಂತ ಮನಿ."

ನಾವು ನಕ್ಕಿದ್ದೆವು. ಕತ್ತಲಲ್ಲಿ ಮನೆ ಮುಚ್ಚಿಕೊಂಡು ಕೂರುವುದು ಹಳೇ ಕಾಲದವರ ರೂಢಿ ಎಂದುಕೊಂಡೆವು. ತಗಡಿನ ಮಾಡು, ತೆರೆದ ಕಿಟಕಿ, ರಜೆಯಲ್ಲಿ ದಿನವಿಡೀ ಮನೆಯಲ್ಲೇ ಇದ್ದ ಸಾವಿತ್ರಿ. ಹಿಂದಿನ ಎರಡು ದಿನ ತಲೆನೋವು ಎಂದಿದ್ದಳು.

ಆ ಸೋಮವಾರ ನನ್ನ ಕೂಗು ಕೇಳಿ ಖಾಜಾಬಿ ಓಡಿಬಂದರು. ನಾನು ಲೋಟವನ್ನು ಸಾವಿತ್ರಿಯ ಬಾಯಿಗೆ ಹಿಡಿದಿದ್ದೆ.

"ಬಾಯಾಗ ಹಾಕಬ್ಯಾಡ್ರಿ. ಎಚ್ಚರಿಲ್ಲ ಆಕಿಗಿ, ಉಸುರಿಗೇರತದ," ಎಂದು ಲೋಟ ಕಿತ್ತುಕೊಂಡು ಅವಳ ಕೊರಳಿಗೆ ಸುರಿದರು. ತಮ್ಮ ಬಾಗಿಲಿನ ಗೋಣಿತಟ್ಟು ಎಳೆದು ತಂದು ಮೈಮೇಲೆ ಹೊದಿಸಿದರು. "ಗಾಳಿ ಹಾಕ್ರಿ. ಯಾಕ ನಿಂತೀರಿ?"

ನಾನು ತಟ್ಟೆಯಿಂದ ಬೀಸಿದೆ. ಸಾವಿತ್ರಿಯ ಕೈಕಾಲು ಸೆಟೆದುಕೊಂಡವು, ನಡುಗಿದವು, ಮತ್ತೆ ಸಡಿಲಾದವು. ಆಮೇಲೆ ಅವಳು ಮಾತಾಡಲಿಲ್ಲ. ಎಮ್ಮೆಯ ಮಾತನ್ನಾದರೂ ಆಡಲಿ ಎಂದು ನಾನು ಕಾದೆ.

ಎದುರು ಮನೆಯ ಮಲ್ಲಪ್ಪ ಆಟೋ ತಂದ. ಆಸ್ಪತ್ರೆ ದೂರವಿರಲಿಲ್ಲ. ದಾರಿಯುದ್ದಕ್ಕೂ ಖಾಜಾಬಿ ಕೊಡದಿಂದ ನೀರು ಹನಿಸುತ್ತಲೇ ಇದ್ದರು. ಒಮ್ಮೆ ಮಲ್ಲಪ್ಪ ತಿರುಗಿ, "ಉಸುರಾಡಾಕತ್ತಾರಿಲ್ಲೋ?" ಎಂದು ಕೇಳಿದ. ಖಾಜಾಬಿ ಅವಳ ಮೂಗಿನ ಹತ್ತಿರ ಕೈ ಹಿಡಿದು, "ನೀ ರಸ್ತಾ ನೋಡೋ," ಎಂದರು.

ಮರುದಿನ ಸಂಜೆ ಸಾವಿತ್ರಿ ನನ್ನ ಹೆಸರು ಹೇಳಿದಳು. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಕೂಲರ್ ಮತ್ತೆ ಹಾಕಿದೆವು. ಬೇರೆ ಖರ್ಚುಗಳು ಕಡಿಮೆಯಾಗಿಯೇ ಇವೆ, ಆ ಕೊರತೆಗೆ ನಾನು ಹೆದರುವುದಿಲ್ಲ. ಹೆದರುವುದು ಮಧ್ಯಾಹ್ನಕ್ಕೆ. ಅಂಗಡಿಯಿಂದ ಫೋನು ಮಾಡುತ್ತೇನೆ, ಅವಳು ಎತ್ತುವುದು ತಡವಾದರೆ ಕೆಲಸ ಬಿಟ್ಟು ಹೊರಡುತ್ತೇನೆ. ನಿದ್ದೆಯಲ್ಲಿರುವ ಅವಳ ತೋಳು ಮುಟ್ಟುತ್ತೇನೆ. ಬೆವರಿದ್ದರೆ ಸಮಾಧಾನ.

ಊರಿಗೆ ಹೋದಾಗ ಅಲ್ಲಿನವರು, "ಬಿಸ್ಲಿಗೆ ಯಾರಾದ್ರೂ ಸಾಯ್ತಾರೇನೋ?" ಎಂದು ನಗುತ್ತಾರೆ. ನಾಲೆಯ ಗಾಳಿ ಮುಖಕ್ಕೆ ಬಡಿದಾಗ ನನಗೂ ನಂಬಿಕೆ ಬರುವುದಿಲ್ಲ. ಈಗ ಆ ಕಡೆಗೆ ವರ್ಗಾವಣೆ ಕೇಳಬಹುದು. ಹೋಗೋಣವೇ ಎಂದು ಸಾವಿತ್ರಿ ಕೇಳುತ್ತಾಳೆ. ನೋಡೋಣ ಎನ್ನುತ್ತೇನೆ. ಆ ಮಧ್ಯಾಹ್ನದ್ದು ಅವಳಿಗೇ ಏನೂ ನೆನಪಿಲ್ಲ. ಮದ್ದೂರಿನಲ್ಲಿ ಅದನ್ನು ಕಂಡವರು ಒಬ್ಬರೂ ಇಲ್ಲ. ಕಂಡವರು, ನನ್ನ ಹೆದರಿಕೆಗೆ ನಗದವರು, ಈ ಓಣಿಯಲ್ಲಿದ್ದಾರೆ. ಮಲ್ಲಪ್ಪ ಈಗಲೂ ಆಟೋ ಓಡಿಸುತ್ತಾನೆ. ಖಾಜಾಬಿ ಸುರಪುರದ ಮಗಳ ಮನೆಗೆ ಹೋಗಿ ಬಂದು ಮಾಡುತ್ತಾರೆ, ಗಟ್ಟಿಯಾಗಿದ್ದಾರೆ.