ಶೋಕೇಸಿನ ಹೊಸ ಫೋಟೋ

ಹಲವು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ನಾವಿಕನಾಗಿ ಬೆವರು ಸುರಿಸಿದ ಮೇಲೆ, ನೌಕಾಪಡೆಯೇ ನನ್ನನ್ನು ಓದಿಸಿ, ತರಬೇತಿ ಕೊಟ್ಟು ಅಧಿಕಾರಿಯನ್ನಾಗಿ ಮಾಡಿತು. ರಜೆಗೆ ಬಂದವನು ಚಿಕ್ಕಲಸಂದ್ರದ ಮಾವನ ಮನೆಗೆ ಹೋದೆ.

“ನಮ್ಮ ಅಳಿಯಂದ್ರು ಡೈರೆಕ್ಟಾಗಿ ಆಫೀಸರ್ ಆಗೇ ಸೇರಿದ್ದು ಸಾರ್,” ಎಂದು ಮಾವ ಪಕ್ಕದ ಮನೆಯವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ನನ್ನ ಅಷ್ಟೂ ವರ್ಷಗಳನ್ನು ಒಂದೇ ಮಾತಿನಲ್ಲಿ ಒರೆಸಿ ಹಾಕಿದ್ದರು. ಅವರು ಕೊಟ್ಟ ಕಾಫಿ ಕುಡಿಯಲೂ ಹೇಸಿಗೆಯಾಯಿತು.

ಶೋಕೇಸಿನಲ್ಲಿದ್ದ ನನ್ನ ನಾವಿಕ ಸಮವಸ್ತ್ರದ ಫೋಟೋ ಮಾಯವಾಗಿತ್ತು. ಅದೇ ಫ್ರೇಮಿನಲ್ಲಿ ಈಗ ಆಫೀಸರ್ ಫೋಟೋ ಕೂತಿತ್ತು.

“ಹಳೇದೆಲ್ಲಿ ಮಾವ?”

“ಅದ್ಯಾಕೀಗ ಬಿಡಿ. ನೋಡ್ದೋರು ಏನಂದ್ಕೋತಾರೆ?”

ಆ ಹೊಸ ಫೋಟೋ ಕಿತ್ತು ಹಾಕಲೆಂದು ಫ್ರೇಮ್ ಬಿಚ್ಚಿದೆ. ಆಫೀಸರ್ ಜಾರದಿರಲೆಂದು, ಹಿಂದೆ ರಟ್ಟಿನ ಬದಲು ಆ ನಾವಿಕನನ್ನೇ ಮಡಚಿ ತುರುಕಿದ್ದರು.